ಸಣ್ಣ ವ್ಯಾಪಾರಕ್ಕೆ ಬಜೆಟ್ ಹಾಕಿಕೊಳ್ಳುವುದು ಹೇಗೆ?

ಲಾಭ ಬರುತ್ತಿದ್ದರೂ ತಿಂಗಳ ಕೊನೆಗೆ ಕೈಯಲ್ಲಿ ಹಣ ಉಳಿಯುವುದಿಲ್ಲ, ಬಜೆಟ್ ಹೇಗೆ ಮಾಡಲಿ ಎಂದು ಕೇಳಿದ್ದೀರಿ. ಮೊದಲು ಕಳೆದ 12 ತಿಂಗಳ ಬ್ಯಾಂಕ್ ಲೆಕ್ಕವನ್ನು ಎದುರಿಗಿಟ್ಟುಕೊಳ್ಳಿ. ನೆನಪಿಗಿಂತ ಅದನ್ನು ನಂಬಬಹುದು. ಬಾಡಿಗೆ, ಸಂಬಳ, ಸಾಲದ ಕಂತು ಮಾರಾಟವಿರಲಿ ಇಲ್ಲದಿರಲಿ ತಪ್ಪದ ಖರ್ಚುಗಳು. ಸರಕು, ಸಾಗಣೆ ಮಾರಾಟದ ಜೊತೆ ಏರಿಳಿಯುವಂಥವು. ಎರಡನ್ನೂ ಬೇರೆ ಬೇರೆ ಬರೆಯಿರಿ. ವಿಮೆಯಂತೆ ವರ್ಷಕ್ಕೊಮ್ಮೆ ಬರುವ ಖರ್ಚನ್ನು 12ರಿಂದ ಭಾಗಿಸಿ ಪ್ರತಿ ತಿಂಗಳೂ ತೆಗೆದಿಡಿ. ನಿಮ್ಮ ಸ್ವಂತ ಸಂಬಳವನ್ನೂ ಸೇರಿಸಿ. ಇದನ್ನು ಮರೆತವರೇ ಆಮೇಲೆ ಗಲ್ಲಾಪೆಟ್ಟಿಗೆಗೆ ಕೈ ಹಾಕುತ್ತಾರೆ.

ನಿಮ್ಮ ತೊಂದರೆಯ ಬೇರು ಬಹುಶಃ ಉದ್ರಿಯಲ್ಲಿದೆ. ಸರಕು ಕೊಟ್ಟವರಿಗೆ ನೀವು 15 ದಿನದಲ್ಲಿ ಹಣ ಕೊಡಬೇಕು, ಗಿರಾಕಿ ನಿಮಗೆ ಕೊಡುವುದು 45ನೇ ದಿನ ಎಂದುಕೊಳ್ಳಿ. ನಡುವಿನ 30 ದಿನ ವ್ಯಾಪಾರ ನಡೆಯುವುದು ನಿಮ್ಮ ಜೇಬಿನಿಂದ. ಪುಸ್ತಕದಲ್ಲಿ ಲಾಭ ಕಾಣುತ್ತದೆ, ಪೆಟ್ಟಿಗೆ ಬರಿದಾಗಿರುತ್ತದೆ. ಆದ್ದರಿಂದ ಬಜೆಟ್‌ನಲ್ಲಿ ಮಾರಾಟವಾದ ದಿನವನ್ನಲ್ಲ, ಹಣ ಕೈಸೇರುವ ವಾರವನ್ನು ಬರೆಯಿರಿ.

ತಿಂಗಳಿಗೊಮ್ಮೆ ಅಂದಾಜನ್ನೂ ನಿಜವಾದ ಖರ್ಚನ್ನೂ ಅಕ್ಕಪಕ್ಕ ಇಟ್ಟು ನೋಡಿ. ಒಂದು ತಿಂಗಳು ಹೆಚ್ಚಾದರೆ ಗಾಬರಿ ಬೇಡ. ಒಂದೇ ಬಾಬ್ತು ಸತತ ಮೂರು ತಿಂಗಳು ಮೀರಿದರೆ ಅಂದಾಜನ್ನು ತಿದ್ದಿ, ಮಾರಾಟದ ಬೆಲೆಯನ್ನೂ ಮತ್ತೆ ಲೆಕ್ಕ ಹಾಕಿ.