ನಗು ಇದೆ, ಗೆಲುವಿಲ್ಲ

ಆಪ್ತಸಮಾಲೋಚನೆಗೆ ನನ್ನ ಬಳಿ ಬಂದ ಒಬ್ಬರ ಕಥೆ ಇದು. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಇಂಥವರು ಪದೇ ಪದೇ ಬರುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಮೂವತ್ತು ದಾಟಿದ ಮಹಿಳೆ, ಸೀರೆ ಅಂಗಡಿಯಲ್ಲಿ ಕೆಲಸ. ದಿನಕ್ಕೆ ಹತ್ತು ಗಂಟೆ ನಗುನಗುತ್ತಾ ಸೀರೆ ಬಿಡಿಸಿ ತೋರಿಸಬೇಕು. ಮೂರು ತಿಂಗಳಿಂದ ನಿದ್ದೆಯಿಲ್ಲ, ಊಟ ಸೇರುತ್ತಿಲ್ಲ. ಕರೆತಂದವರು ಅತ್ತೆ. "ನಗ್ತಾನೇ ಇರ್ತಾಳೆ ಮೇಡಂ, ಆದ್ರೂ ಯಾಕೋ ಹುಡುಗಿ ಗೆಲುವಾಗಿಲ್ಲ" ಅಂದರು.

ಮೊದಲೆರಡು ಭೇಟಿಯಲ್ಲಿ ಏನು ಕೇಳಿದರೂ ಒಂದೇ ಉತ್ತರ, "ಖುಷಿಯಾಗಿದ್ದೀನಿ ಮೇಡಂ." ಬಾಯಿ ನಗುತ್ತಿತ್ತು. ಕೈ ಮಾತ್ರ ಸೆರಗಿನ ತುದಿಯನ್ನು ಮಡಚುತ್ತಿತ್ತು, ಬಿಚ್ಚುತ್ತಿತ್ತು, ಮತ್ತೆ ಮಡಚುತ್ತಿತ್ತು.

ಮೂರನೇ ಸಲ ಅತ್ತೆಯ ಮಾತನ್ನೇ ಹಿಡಿದೆ. "ಗೆಲುವು ಅಂದ್ರೆ ನಿಮಗೆ ಏನು ನೆನಪಾಗುತ್ತೆ?"

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಚಿಕ್ಕವಳಿದ್ದಾಗ ಜ್ವರ ಬಂದ್ರೆ ಅಜ್ಜಿ ಗಂಜಿ ಕುಡಿಸ್ತಿದ್ರು. ಮೂರನೇ ದಿನ ನಾನು ಉಪ್ಪಿನಕಾಯಿ ಬೇಕು ಅಂತ ಹಟ ಹಿಡಿದ್ರೆ, 'ಸದ್ಯ, ಮಗು ಗೆಲುವಾಯ್ತು' ಅಂತಿದ್ರು. ಆಗ ನಾನು ನಗ್ತಿರ್ಲಿಲ್ಲ ಮೇಡಂ. ಅಳ್ತಿದ್ದೆ."

ಹೇಳುತ್ತಾ ಹೇಳುತ್ತಾ ಮುಖದ ನಗು ಇಳಿಯಿತು. ಕೈಯೂ ನಿಂತಿತು.

ನಮ್ಮ ಭಾಷೆ ಇದನ್ನೆಲ್ಲ ಬೇರೆ ಬೇರೆಯಾಗಿಯೇ ಇಟ್ಟಿದೆ. ನಗುಮುಖ ಎದುರಿನವರಿಗೆ ಕಾಣುವುದು. ಹಿಗ್ಗು ಒಳ್ಳೆ ಸುದ್ದಿಗೆ ಉಕ್ಕುವುದು. ಲವಲವಿಕೆ ಕೈಕಾಲಲ್ಲಿರುವುದು. ಗೆಲುವು ಒಳಗಿನ ಚೇತರಿಕೆ. ನಾವೀಗ ಎಲ್ಲಕ್ಕೂ 'ಖುಷಿ' ಅಂದು ಮುಗಿಸುತ್ತೇವೆ, ಅಲ್ವಾ?

ನಾನು ಹೇಳಿದ್ದು ಇಷ್ಟೇ. ಕೆಲಸದಿಂದ ಬಂದ ಮೇಲೆ ಒಂದು ಗಂಟೆ ಯಾರಿಗೋಸ್ಕರವೂ ನಗಬೇಡಿ. ಎರಡು ವಾರ 'ಖುಷಿ' ಅನ್ನುವ ಮಾತು ಬಿಟ್ಟು, ಸುಸ್ತು, ಸಿಟ್ಟು, ಬೇಜಾರು, ಯಾವುದಿದೆಯೋ ಅದನ್ನೇ ಹೇಳಿ. ಮನೋವೈದ್ಯರ ಬಳಿಗೂ ಕಳಿಸಿದೆ. ನಿದ್ದೆ, ಹಸಿವು ಎರಡು ವಾರಕ್ಕಿಂತ ಜಾಸ್ತಿ ಕೆಟ್ಟಿದ್ದರೆ ಬರೀ ಮಾತು ಸಾಲದು. (ಹೊತ್ತಲ್ಲದ ಹೊತ್ತಲ್ಲಿ ಯಾರೂ ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ ಇದೆ, 14416. ಕನ್ನಡದಲ್ಲೇ ಮಾತಾಡಬಹುದು.)

ಗಂಡನಿಗೆ ಇದು ಹಿಡಿಸಲಿಲ್ಲ. "ಇರೋ ನಗುವನ್ನೂ ಬಿಡಿಸ್ತೀರಾ?" ಅಂದರು. ನನ್ನ ಸಲಹೆ ವಿಚಿತ್ರ ಅನಿಸಬಹುದು, ಒಪ್ಪುತ್ತೇನೆ. ಆದರೆ ಸಂಬಳಕ್ಕೆ ನಗುವುದೂ ದುಡಿಮೆಯೇ. ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲೇ ಗಗನಸಖಿಯರನ್ನು ಮುಂದಿಟ್ಟು ಇದನ್ನು ಬರೆದಿದ್ದರು. ಹಗಲೆಲ್ಲ ಮೂಟೆ ಹೊತ್ತವನಿಗೆ ಮನೆಗೆ ಬಂದ ಮೇಲೂ ಹೊರು ಅಂತ ಯಾರೂ ಹೇಳುವುದಿಲ್ಲವಲ್ಲ.

ಆರನೇ ಭೇಟಿಗೆ ಮುಖ ಗಂಟಿಕ್ಕಿಕೊಂಡೇ ಬಂದರು. ಬಸ್ಸು ತಡ, ಅಂಗಡಿಯಲ್ಲಿ ಜಗಳ, ಎಲ್ಲ ಒಂದೇ ಉಸಿರಿಗೆ ಹೇಳಿದರು. ಆಮೇಲೆ ಗಡಿಯಾರ ನೋಡಿ, "ಬೇಗ ಮುಗಿಸಿ ಮೇಡಂ, ಹೊಟ್ಟೆ ಹಸೀತಿದೆ" ಅಂದರು.