ಅಮೆರಿಕದ ಬಂದೂಕು ನಿಯಂತ್ರಣದ ಚರ್ಚೆ ನಡೆಯುವುದು ಭಾವನೆಯ ಮೇಲೋ, ಪುರಾವೆಯ ಮೇಲೋ?

ಯಾವ ಸಾವಿನ ಬಗ್ಗೆ ಮಾತಾಡಬೇಕು ಅನ್ನುವುದನ್ನು ಭಾವನೆ ತೀರ್ಮಾನ ಮಾಡುತ್ತದೆ. ಆಮೇಲೆ ಎರಡೂ ಕಡೆಯವರು ತಮಗೆ ಬೇಕಾದ ಅಂಕಿ ಹುಡುಕಿಕೊಂಡು ಬರುತ್ತಾರೆ. ನಿಮ್ಮ ಪ್ರಶ್ನೆಗೆ ನನ್ನ ಚಿಕ್ಕ ಉತ್ತರ ಇದು. ಹಾಗಂತ ಪುರಾವೆಯೇ ಇಲ್ಲ ಅಂದುಕೊಳ್ಳಬೇಡಿ. ಇದೆ, ಕೆಲವು ಕಡೆ ಗಟ್ಟಿಯಾಗಿಯೇ ಇದೆ. ಜಗಳ ನಡೆಯುತ್ತಿರುವ ಜಾಗದಲ್ಲಿ ಮಾತ್ರ ಇಲ್ಲ.

ಒಂದು ವರ್ಷದ ಲೆಕ್ಕ ನೋಡೋಣ. 2021ರಲ್ಲಿ ಅಮೆರಿಕದಲ್ಲಿ ಗುಂಡಿನಿಂದ ಸತ್ತವರು 48,830 ಮಂದಿ. ಇದರಲ್ಲಿ ಆತ್ಮಹತ್ಯೆ 26,328, ಕೊಲೆ 20,958. ಮಿಕ್ಕಿದ್ದು ಆಕಸ್ಮಿಕ, ಪೊಲೀಸರ ಗುಂಡು, ಕಾರಣ ಗೊತ್ತಾಗದ್ದು. ನೂರಕ್ಕೆ 54 ಆತ್ಮಹತ್ಯೆ! ಟಿವಿಯಲ್ಲಿ ಚರ್ಚೆಯಾಗುವುದು ಶಾಲೆಗೆ ನುಗ್ಗಿದವನ ಕೈಯಲ್ಲಿದ್ದ ಎಆರ್-15 ರೈಫಲ್ ಬಗ್ಗೆ. ಅದೇ ವರ್ಷ ಜನರ ನಡುವೆ ಗುಂಡು ಹಾರಿಸುತ್ತ ಹೋದವರ ಪ್ರಕರಣಗಳು ಎಫ್‌ಬಿಐ ಲೆಕ್ಕದಲ್ಲಿ 61, ಸತ್ತವರು 103. ಗನ್ ವಯಲೆನ್ಸ್ ಆರ್ಕೈವ್ ಎಂಬ ಸಂಸ್ಥೆ ಇದನ್ನೇ ಬೇರೆ ಥರ ಎಣಿಸುತ್ತದೆ. ಒಂದೇ ಘಟನೆಯಲ್ಲಿ ನಾಲ್ಕು ಅಥವಾ ಹೆಚ್ಚು ಮಂದಿಗೆ ಗುಂಡು ತಗುಲಿದರೆ, ಸತ್ತಿರಲಿ ಬದುಕಿರಲಿ, ಅದು ಸಾಮೂಹಿಕ ಶೂಟಿಂಗ್. ಆ ಲೆಕ್ಕದಲ್ಲಿ ಸತ್ತವರು 706. ವ್ಯಾಖ್ಯೆ ಬದಲಾದದ್ದಕ್ಕೇ ಅಂಕಿ ಏಳು ಪಟ್ಟು ಏರಿತು, ಆದರೂ ಅದು ಒಟ್ಟು ಸಾವಿನ ನೂರಕ್ಕೆ ಒಂದೂವರೆ ಪಾಲಿನಷ್ಟೇ.

ಇನ್ನು ರೈಫಲ್ ವಿಷಯ. 2020ರಲ್ಲಿ ಎಫ್‌ಬಿಐಗೆ ವಿವರ ಸಿಕ್ಕ 13,620 ಬಂದೂಕು ಕೊಲೆಗಳಲ್ಲಿ ಕೈಪಿಸ್ತೂಲಿನದು ನೂರಕ್ಕೆ 59, ರೈಫಲಿನದು 3. ಬಂದೂಕಿನ ಪರವಾಗಿ ಮಾತಾಡುವವರು ಈ 3ನ್ನು ಬಾಯಿಪಾಠ ಮಾಡಿಕೊಂಡಿರುತ್ತಾರೆ. ಅದೇ ಪಟ್ಟಿಯಲ್ಲಿ ನೂರಕ್ಕೆ 36 ಕೊಲೆಗಳಿಗೆ ಯಾವ ಬಗೆಯ ಬಂದೂಕು ಅಂತ ಯಾರೂ ಸರಿಯಾಗಿ ಬರೆದಿಲ್ಲ ಅನ್ನುವುದನ್ನು ಹೇಳುವುದಿಲ್ಲ.

ಇಲ್ಲಿ ಹಲವರು ತಪ್ಪುವುದು ಒಂದು ಕಡೆ: ಭಾವನೆ ಅಂದರೆ ನಿಯಂತ್ರಣ ಬೇಕು ಅನ್ನುವವರ ಕಣ್ಣೀರು, ಪುರಾವೆ ಅಂದರೆ ಬಂದೂಕು ಇಟ್ಟುಕೊಂಡವರ ತಣ್ಣನೆಯ ಲೆಕ್ಕ ಎಂದುಕೊಳ್ಳುತ್ತಾರೆ. ಹಾಗೇನಿಲ್ಲ. 2012ರ ಡಿಸೆಂಬರ್ 14ರಂದು ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಮಕ್ಕಳು, 6 ದೊಡ್ಡವರು ಗುಂಡೇಟಿಗೆ ಸತ್ತರು. ಮುಂದಿನ ಕೆಲವು ತಿಂಗಳಲ್ಲಿ, ‘ಸರ್ಕಾರ ನಿಷೇಧ ತರುತ್ತದೆ, ಅಷ್ಟರೊಳಗೆ ಕೊಳ್ಳೋಣ’ ಅಂತ ಜನ ಅಂಗಡಿಗೆ ಮುಗಿಬಿದ್ದು ವಾಡಿಕೆಗಿಂತ ಸುಮಾರು 30 ಲಕ್ಷ ಬಂದೂಕು ಹೆಚ್ಚಿಗೆ ಕೊಂಡರು. ಆ ಅವಧಿಯ ಆಕಸ್ಮಿಕ ಸಾವುಗಳನ್ನು ಲೆಕ್ಕ ಹಾಕಿ 2017ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಸುಮಾರು 60 ಸಾವು ಹೆಚ್ಚಾಗಿವೆ, ಅದರಲ್ಲಿ ಸುಮಾರು 20 ಮಕ್ಕಳು ಅಂತ ಅಂದಾಜು ಮಾಡಿತು. ಇದೂ ಭಾವನೆಯೇ, ಹೆಸರು ಮಾತ್ರ ಭಯ.

ಶಾಸನಸಭೆಗಳಲ್ಲೂ ಇದೇ ಕಥೆ. ಸಾಮೂಹಿಕ ಶೂಟಿಂಗ್ ಆದ ರಾಜ್ಯದಲ್ಲಿ ಮುಂದಿನ ವರ್ಷ ಬಂದೂಕಿಗೆ ಸಂಬಂಧಿಸಿದ ಮಸೂದೆಗಳು ನೂರಕ್ಕೆ 15ರಷ್ಟು ಜಾಸ್ತಿಯಾಗುತ್ತವೆ ಅಂತ 2020ರ ಒಂದು ಅಧ್ಯಯನ ತೋರಿಸಿತು. ಆದರೆ ನಿಜವಾಗಿ ಜಾರಿಯಾಗುವುದೇನು? ರಿಪಬ್ಲಿಕನ್ನರ ಕೈಯಲ್ಲಿರುವ ಸಭೆಗಳಲ್ಲಿ ಬಂದೂಕಿನ ಮೇಲಿನ ಹಿಡಿತವನ್ನು ಸಡಿಲ ಮಾಡುವ ಕಾನೂನುಗಳು ನೂರಕ್ಕೆ 75ರಷ್ಟು ಏರುತ್ತವೆ. ಡೆಮಾಕ್ರಟರ ಸಭೆಗಳಲ್ಲಿ ಗಮನಾರ್ಹ ಬದಲಾವಣೆಯೇ ಕಾಣಲಿಲ್ಲ. ಒಂದೇ ದುಃಖ, ಫಲ ಮಾತ್ರ ನಿಯಂತ್ರಣ ಕೇಳಿದವರು ಬಯಸಿದ್ದಕ್ಕೆ ತದ್ವಿರುದ್ಧ.

‘ಜನಕ್ಕೆ ಲೆಕ್ಕ ಬರುವುದಿಲ್ಲ, ಬಂದಿದ್ದರೆ ಒಪ್ಪುತ್ತಿದ್ದರು’ ಅನ್ನುತ್ತೀರಾ? 2013ರಲ್ಲಿ ಯೇಲ್‌ನ ಡ್ಯಾನ್ ಕಹಾನ್ ಮತ್ತು ಸಂಗಡಿಗರು ಅದನ್ನೇ ಪರೀಕ್ಷೆ ಮಾಡಿದರು. 1,111 ಜನರನ್ನು ಗುಂಪುಗಳಾಗಿ ಹಂಚಿ, ಕೆಲವರಿಗೆ ಚರ್ಮದ ಮುಲಾಮಿನ ಕೋಷ್ಟಕ ಕೊಟ್ಟರು. ಮುಲಾಮು ಹಚ್ಚಿದವರಲ್ಲಿ 223 ಜನರಿಗೆ ವಾಸಿ, 75 ಜನರಿಗೆ ತೊಂದರೆ ಇನ್ನೂ ಜಾಸ್ತಿ. ಹಚ್ಚದವರಲ್ಲಿ 107 ಜನರಿಗೆ ವಾಸಿ, 21 ಜನರಿಗೆ ಜಾಸ್ತಿ. ಮುಲಾಮು ಕೆಲಸ ಮಾಡಿತೇ? 223 ದೊಡ್ಡ ಅಂಕಿ, ಹಾಗಾಗಿ ಬಹಳ ಮಂದಿ ಹೌದು ಅನ್ನುತ್ತಾರೆ. ಭಾಗಿಸಿ ನೋಡಿ. ಹಚ್ಚಿದವರು ಒಟ್ಟು 298, ವಾಸಿಯಾದವರು ನೂರಕ್ಕೆ 75. ಹಚ್ಚದವರು 128, ವಾಸಿಯಾದವರು ನೂರಕ್ಕೆ 84. ಹಚ್ಚದೆ ಇದ್ದವರೇ ಮೇಲು. ಲೆಕ್ಕದಲ್ಲಿ ಚುರುಕಾದವರು ಇದನ್ನು ಸರಿಯಾಗಿ ಹಿಡಿದರು. ಆಮೇಲೆ ಇವೇ ಅಂಕಿಗಳನ್ನು ಇಟ್ಟುಕೊಂಡು ತಲೆಬರಹ ಮಾತ್ರ ಬದಲಿಸಿದರು: ಮರೆಯಲ್ಲಿ ಪಿಸ್ತೂಲು ಒಯ್ಯುವುದನ್ನು ನಿಷೇಧಿಸಿದ ನಗರಗಳು, ನಿಷೇಧಿಸದ ನಗರಗಳು, ಅಪರಾಧ ಏರಿತೇ ಇಳಿಯಿತೇ. ಉತ್ತರ ತಮ್ಮ ಪಕ್ಷಕ್ಕೆ ಹಿತವಾಗಿದ್ದಾಗ ಲೆಕ್ಕ ಬಲ್ಲವರು ಸರಿಯಾಗಿ ಭಾಗಿಸಿದರು. ಕಹಿಯಾಗಿದ್ದಾಗ ಅವರೇ ದೊಡ್ಡ ಅಂಕಿಗೆ ಮರುಳಾದರು. ಎರಡು ಪಕ್ಷಗಳ ನಡುವಿನ ಅಂತರ ಲೆಕ್ಕ ಬಾರದವರಿಗಿಂತ ಲೆಕ್ಕ ಬಲ್ಲವರಲ್ಲೇ ಹೆಚ್ಚಿತ್ತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತೇವಲ್ಲ. ಇಲ್ಲಿ ಕಣ್ಣು ಚುರುಕಾದಷ್ಟೂ ಹಳದಿ ಗಾಢ.

ಪುರಾವೆ ತೆಳುವಾಗಿರುವುದಕ್ಕೆ ರಾಜಕೀಯ ಕಾರಣವೂ ಇದೆ. 1993ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದ ಅಧ್ಯಯನ, ಮನೆಯಲ್ಲಿ ಬಂದೂಕಿದ್ದರೆ ಆ ಮನೆಯಲ್ಲಿ ಕೊಲೆಯಾಗುವ ಅಪಾಯ 2.7 ಪಟ್ಟು ಎಂದಿತು. ಅದಕ್ಕೆ ಹಣ ಕೊಟ್ಟದ್ದು ಸರ್ಕಾರದ ಆರೋಗ್ಯ ಸಂಸ್ಥೆ ಸಿಡಿಸಿ. 1996ರಲ್ಲಿ ಅರ್ಕಾನ್ಸಾದ ಸಂಸದ ಜೇ ಡಿಕಿ ಬಜೆಟ್ಟಿಗೆ ಒಂದು ಸಾಲು ಸೇರಿಸಿದ: ಈ ಹಣವನ್ನು ಬಂದೂಕು ನಿಯಂತ್ರಣದ ಪರ ಪ್ರಚಾರಕ್ಕೆ ಬಳಸಬಾರದು. ಸಂಶೋಧನೆಯೇ ಬೇಡ ಅಂತ ಆ ಸಾಲು ಹೇಳಲಿಲ್ಲ. ಆದರೆ ಬಂದೂಕು ಸಂಶೋಧನೆಗೆ ಹಿಂದಿನ ವರ್ಷ ಖರ್ಚಾದಷ್ಟೇ ಹಣ, 26 ಲಕ್ಷ ಡಾಲರು, ಕೈಬಿಟ್ಟುಹೋಯಿತು. ಸುಳಿವು ಸಾಕಾಗಿತ್ತು, ಅಧಿಕಾರಿಗಳು ಆ ಕಡೆ ತಲೆ ಹಾಕಲಿಲ್ಲ. ಸ್ವತಃ ಡಿಕಿ 2012ರಲ್ಲಿ ಮನಸ್ಸು ಬದಲಿಸಿ, ಸಿಡಿಸಿಯ ಗಾಯ ತಡೆ ಕೇಂದ್ರದ ಮುಖ್ಯಸ್ಥರಾಗಿದ್ದ ಮಾರ್ಕ್ ರೋಸೆನ್‌ಬರ್ಗ್ ಜೊತೆ ಸೇರಿ, ಸಂಶೋಧನೆ ನಡೆಯಬೇಕು ಅಂತ ಪತ್ರಿಕೆಗೆ ಬರೆದ. ಹಣ ಮತ್ತೆ ಬಂದದ್ದು 2019ರ ಡಿಸೆಂಬರಿನಲ್ಲಿ, 2.5 ಕೋಟಿ ಡಾಲರು. ಅಲ್ಲಿಗೆ 23 ವರ್ಷ. ಇದರ ಜೊತೆಗೆ 1986ರ ಕಾನೂನು ಕೇಂದ್ರ ಸರ್ಕಾರ ಬಂದೂಕು ಮಾಲೀಕರ ನೋಂದಣಿ ಪಟ್ಟಿ ಮಾಡುವುದನ್ನೇ ತಡೆದಿದೆ. ಯಾರ ಮನೆಯಲ್ಲಿ ಎಷ್ಟಿವೆ ಅನ್ನುವುದಕ್ಕೆ ಸಮೀಕ್ಷೆಯೇ ಗತಿ.

ಸಮೀಕ್ಷೆಯ ಗತಿ ಏನಾಗುತ್ತದೆ ಅನ್ನುವುದಕ್ಕೆ ಈ ಚರ್ಚೆಯ ಅತಿ ಪ್ರಸಿದ್ಧ ಅಂಕಿಯನ್ನೇ ಬಿಚ್ಚಿ ನೋಡಿ: ‘ಆತ್ಮರಕ್ಷಣೆಗೆ ವರ್ಷಕ್ಕೆ 25 ಲಕ್ಷ ಸಲ ಬಂದೂಕು ಬಳಕೆಯಾಗುತ್ತದೆ.’ ಅಪರಾಧಶಾಸ್ತ್ರಜ್ಞರಾದ ಗ್ಯಾರಿ ಕ್ಲೆಕ್ ಮತ್ತು ಮಾರ್ಕ್ ಗರ್ಟ್ಸ್ 1993ರಲ್ಲಿ 4,977 ಜನರಿಗೆ ಫೋನ್ ಮಾಡಿ ಕೇಳಿ 1995ರಲ್ಲಿ ಪ್ರಕಟಿಸಿದ ಅಂದಾಜು ಇದು. ಕಳೆದ ವರ್ಷದಲ್ಲಿ ಬಳಸಿದ್ದೇನೆ ಅಂದವರು ನೂರಕ್ಕೆ ಸುಮಾರು 1.3. ದೇಶದ ಸುಮಾರು 19 ಕೋಟಿ ವಯಸ್ಕರಿಗೆ ಇದನ್ನು ಗುಣಿಸಿದರೆ 25 ಲಕ್ಷ. ಗುಣಾಕಾರ ಸರಿಯಾಗಿದೆ. ತೊಂದರೆ ಇರುವುದು ನಿಜದಲ್ಲಿ ನಡೆಯುವ ಸಂಗತಿ ಅಪರೂಪದ್ದು ಅನ್ನುವುದರಲ್ಲಿ. ನೂರು ಜನರಲ್ಲಿ ಒಬ್ಬರೇ ಒಬ್ಬರು ಎರಡು ವರ್ಷ ಹಿಂದಿನದನ್ನು ಕಳೆದ ವರ್ಷದ್ದು ಅಂತ ನೆನೆದರೂ, ಜಂಬಕ್ಕೆ ಒಂದು ಮಾತು ಸೇರಿಸಿದರೂ, 19 ಲಕ್ಷ ಘಟನೆಗಳು ಗಾಳಿಯಲ್ಲಿ ಹುಟ್ಟಿಕೊಳ್ಳುತ್ತವೆ. ಮರೆತು ಇಲ್ಲ ಅನ್ನುವವರಿಂದ ಇದು ಸರಿದೂಗುವುದಿಲ್ಲ, ಯಾಕೆಂದರೆ ಮರೆಯಲು ನಿಜವಾಗಿ ಬಳಸಿದವರೇ ತೀರ ಕಡಿಮೆ. ಹಾರ್ವರ್ಡ್‌ನ ಡೇವಿಡ್ ಹೆಮೆನ್ವೇ ಎತ್ತಿದ ಆಕ್ಷೇಪದ ತಿರುಳು ಇದು. ಸರ್ಕಾರದ ಅಪರಾಧ ಸಮೀಕ್ಷೆಯಲ್ಲಿ ಈ ಅಂಕಿ 60 ಸಾವಿರದಿಂದ 1 ಲಕ್ಷದ ಆಸುಪಾಸು. ಅಲ್ಲಿ ಮೊದಲು ‘ನಿಮ್ಮ ಮೇಲೆ ಅಪರಾಧ ನಡೆಯಿತೇ’ ಅಂತ ಕೇಳುತ್ತಾರೆ, ಹೌದು ಅಂದವರಿಗೆ ಮಾತ್ರ ಮುಂದಿನ ಪ್ರಶ್ನೆ. ಅದು ಕೆಲವನ್ನು ಬಿಟ್ಟುಬಿಡುತ್ತದೆ ಅನ್ನುವುದೂ ನಿಜವೇ. ನಿಜ ಅಂಕಿ ನಡುವೆ ಎಲ್ಲೋ ಇದೆ, ನನ್ನ ಮಟ್ಟಿಗೆ ಕೆಳಗಿನ ತುದಿಗೇ ಹತ್ತಿರ. ಆದರೆ ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ 25 ಲಕ್ಷವನ್ನು 30 ವರ್ಷದಿಂದ ಕಟ್ಟಿಕೊಂಡೇ ಇದ್ದಾರೆ.

ಇತ್ತ ನಿಯಂತ್ರಣದ ಪರ ಇರುವವರೂ ಕಮ್ಮಿಯಿಲ್ಲ. ಕನೆಕ್ಟಿಕಟ್ ರಾಜ್ಯ 1995ರಲ್ಲಿ ಪಿಸ್ತೂಲು ಕೊಳ್ಳುವ ಮೊದಲೇ ಪರವಾನಗಿ ಬೇಕು ಎಂದಿತು. ಉಳಿದ ರಾಜ್ಯಗಳ ಅಂಕಿಗಳನ್ನು ತಕ್ಕ ಪ್ರಮಾಣದಲ್ಲಿ ಬೆರೆಸಿ, ಕಾನೂನು ಬಾರದ ಒಂದು ಕಾಲ್ಪನಿಕ ಕನೆಕ್ಟಿಕಟ್ ಕಟ್ಟಿ ಹೋಲಿಸಿದಾಗ, ಹತ್ತು ವರ್ಷದಲ್ಲಿ ಬಂದೂಕು ಕೊಲೆ ನೂರಕ್ಕೆ 40ರಷ್ಟು ಕಡಿಮೆ ಅಂತ ಬಂತು. ಪೋಸ್ಟರುಗಳ ಮೇಲೆ ಇಂದಿಗೂ 40 ಇದೆ. ಮುಂದೆ ಇನ್ನಷ್ಟು ವರ್ಷ ಸೇರಿಸಿ ಮಾಡಿದ ಲೆಕ್ಕದಲ್ಲಿ ಅದು 28ಕ್ಕೆ ಇಳಿದದ್ದು ಪೋಸ್ಟರಿಗೆ ಬರಲಿಲ್ಲ. 28 ಕೂಡ ದೊಡ್ಡದೇ ಅಂತ ನಾನು ಹೇಳುತ್ತೇನೆ. ಇಂಥದೇ ಪರವಾನಗಿಯನ್ನು 2007ರಲ್ಲಿ ಕೈಬಿಟ್ಟ ಮಿಸೌರಿಯಲ್ಲಿ ಕೊಲೆ ಏರಿದ್ದು ಅದಕ್ಕೆ ಇಂಬು ಕೊಡುತ್ತದೆ. ವಿಚಿತ್ರ ನೋಡಿ, ಸಮೀಕ್ಷೆಗಳಲ್ಲಿ ನೂರಕ್ಕೆ 90ರಷ್ಟು ಜನ ಬೆಂಬಲಿಸುವುದು ಎಲ್ಲ ಮಾರಾಟಕ್ಕೂ ಕೊಳ್ಳುವವರ ಹಿನ್ನೆಲೆ ತಪಾಸಣೆ ಅನ್ನುವುದನ್ನು. ಪರವಾನಗಿಯಿಲ್ಲದೆ ಅದೊಂದನ್ನೇ ತಂದ ಕಡೆ ಪರಿಣಾಮ ಇಷ್ಟು ಸ್ಪಷ್ಟವಾಗಿ ಕಂಡಿಲ್ಲ. ಅದರ ಮಿತ ರೂಪದ ಮಸೂದೆ ಕೂಡ 2013ರ ಏಪ್ರಿಲಿನಲ್ಲಿ ಸೆನೆಟ್‌ನಲ್ಲಿ 54-46 ಮತ ಪಡೆದು ಬಿದ್ದುಹೋಯಿತು, 60 ಬೇಕಿತ್ತು.

ಹಾಗಾದರೆ ಗಟ್ಟಿ ಪುರಾವೆ ಎಲ್ಲಿದೆ? ರ‍್ಯಾಂಡ್ ಎಂಬ ಸಂಶೋಧನಾ ಸಂಸ್ಥೆ 2018ರಿಂದ ಸಾವಿರಾರು ಅಧ್ಯಯನಗಳನ್ನು ಜರಡಿ ಹಿಡಿಯುತ್ತಾ ಬಂದಿದೆ. ಜರಡಿಯಲ್ಲಿ ಬಹಳವೆಲ್ಲ ಕೆಳಗೆ ಬಿದ್ದವು. ಉಳಿದ ಕೆಲವೇ ತೀರ್ಮಾನಗಳಲ್ಲಿ ಮುಖ್ಯವಾದವು ಇವು: ಮಕ್ಕಳ ಕೈಗೆ ಸಿಗದಂತೆ ಬಂದೂಕು ಬೀಗ ಹಾಕಿಡಬೇಕೆನ್ನುವ ಕಾನೂನು ಎಳೆಯರ ಆತ್ಮಹತ್ಯೆ ಮತ್ತು ಆಕಸ್ಮಿಕ ಗಾಯಗಳನ್ನು ತಗ್ಗಿಸುತ್ತದೆ, ಹಿಂದೆ ಸರಿಯಲು ದಾರಿಯಿದ್ದರೂ ಗುಂಡು ಹಾರಿಸಬಹುದೆನ್ನುವ ಕಾನೂನು ಬಂದೂಕು ಕೊಲೆಗಳನ್ನು ಹೆಚ್ಚಿಸುತ್ತದೆ. ಎಆರ್-15 ಥರದ ದಾಳಿ ರೈಫಲ್‌ಗಳ ನಿಷೇಧದ ಬಗ್ಗೆ, ಅದೇ ದೊಡ್ಡ ಜಗಳದ ವಸ್ತುವಿನ ಬಗ್ಗೆ, ಖಚಿತವಾಗಿ ಹೇಳುವಂಥದ್ದೇನೂ ಉಳಿಯಲಿಲ್ಲ. 1994ರಿಂದ 2004ರ ತನಕ ಇದ್ದ ನಿಷೇಧ ಮೊದಲೇ ಕೊಂಡಿದ್ದನ್ನು ಮುಟ್ಟಲಿಲ್ಲವಾದ್ದರಿಂದ ಅದರಿಂದ ಕಲಿಯಲು ಸಿಕ್ಕಿದ್ದೂ ಕಡಿಮೆ.

ಆತ್ಮಹತ್ಯೆಯ ಕಡೆ ಪುರಾವೆ ಬೇರೆ ದೇಶದಿಂದಲೂ ಬರುತ್ತದೆ. ಇಸ್ರೇಲ್ ಸೇನೆ 2006ರಲ್ಲಿ ವಾರಾಂತ್ಯಕ್ಕೆ ಮನೆಗೆ ಹೋಗುವ ಸೈನಿಕರು ರೈಫಲನ್ನು ಶಿಬಿರದಲ್ಲೇ ಬಿಟ್ಟುಹೋಗಬೇಕು ಎಂದಿತು. ಸೈನಿಕರ ಆತ್ಮಹತ್ಯೆ ನೂರಕ್ಕೆ 40ರಷ್ಟು ಇಳಿಯಿತು. ಇಳಿದದ್ದು ಮುಖ್ಯವಾಗಿ ವಾರಾಂತ್ಯದ್ದು, ವಾರದ ಉಳಿದ ದಿನಗಳಲ್ಲಿ ಹೆಚ್ಚೇನೂ ಬದಲಾಗಲಿಲ್ಲ. ಹಾಗಾಗಿ ಬೇರೆ ಕಾರಣದಿಂದ ಇಳಿದಿರಬಹುದು ಅನ್ನುವ ವಾದಕ್ಕೆ ಎಡೆ ಕಡಿಮೆ. ಸಾಯಬೇಕು ಅನ್ನಿಸುವ ಆ ಗಳಿಗೆ ಹಾದುಹೋದರೆ ಮನುಷ್ಯ ಉಳಿಯುತ್ತಾನೆ. ಒಮ್ಮೆ ಯತ್ನಿಸಿ ಬದುಕುಳಿದ ಬಹುಪಾಲು ಜನ ಮುಂದೆ ಆತ್ಮಹತ್ಯೆಯಿಂದ ಸಾಯುವುದಿಲ್ಲ. (ಇದನ್ನು ಓದುವಾಗ ಮನಸ್ಸು ಭಾರವಾಗಿದ್ದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೂ ಮಾತಾಡುತ್ತಾರೆ.)

ಇನ್ನೊಂದು ತಿರುವು ನ್ಯಾಯಾಲಯದ್ದು. 2022ರ ಜೂನ್ 23ರ ಬ್ರೂಯೆನ್ ತೀರ್ಪಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಬಂದೂಕು ಕಾನೂನು ಎಷ್ಟು ಜೀವ ಉಳಿಸುತ್ತದೆ ಅಂತ ತೂಗುವ ಹಾಗಿಲ್ಲ, ದೇಶದ ಚರಿತ್ರೆ ಮತ್ತು ಪರಂಪರೆಯಲ್ಲಿ ಅಂಥ ನಿರ್ಬಂಧ ಇತ್ತೇ ಅಂತ ನೋಡಬೇಕು ಎಂದಿತು. ಅಂದರೆ ಪುರಾವೆಗೆ ಬಾಗಿಲು ಹಾಕಿದ್ದು ಭಾವನೆಯಲ್ಲ, ಕಾನೂನಿನ ಸೂತ್ರ. ಪರಂಪರೆಯ ವಾದ ನಮಗೆ ಹೊಸದೇನಲ್ಲ. ಕೊಡವರಿಗೆ ಮತ್ತು ಕೊಡಗಿನ ಪಾರಂಪರಿಕ ಜಮ್ಮಾ ಭೂಮಿಯ ಹಿಡುವಳಿದಾರರಿಗೆ ಬಂದೂಕು ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು 2021ರಲ್ಲಿ ಕರ್ನಾಟಕ ಹೈಕೋರ್ಟು ಎತ್ತಿಹಿಡಿದಾಗಲೂ ಮುಂದೆ ನಿಂತದ್ದು ಬ್ರಿಟಿಷರ ಕಾಲದಿಂದ ಬಂದ ರೂಢಿಯೇ ಹೊರತು ಅಪರಾಧದ ಅಂಕಿಯಲ್ಲ. ಕೊಡವರ ಆಯುಧ ಹಬ್ಬ ಕೈಲ್ ಪೊಳ್ದ್ ದಿನ ಕೋವಿಗೆ ಪೂಜೆ ಮಾಡುವ ಮನೆಯಲ್ಲಿ ಅಂಕಿಅಂಶದ ಹಾಳೆ ಹಿಡಿದು ನಿಂತರೆ ಏನಾಗುತ್ತದೆ ಅಂತ ಊಹಿಸಿಕೊಂಡರೆ ಟೆಕ್ಸಸ್ ಅರ್ಥವಾಗುತ್ತದೆ.

ನಿಮಗೆ ಯಾರಾದರೂ ಈ ವಿಷಯದಲ್ಲಿ ಅಂಕಿ ಎಸೆದರೆ ಮೊದಲು ಕೇಳಬೇಕಾದ್ದು ಆತ್ಮಹತ್ಯೆ ಅದರಲ್ಲಿ ಸೇರಿದೆಯೋ ಇಲ್ಲವೋ ಅಂತ. ಅರ್ಧ ಗೊಂದಲ ಅಲ್ಲೇ ಕರಗುತ್ತದೆ. ಆಮೇಲೆ ಯಾವ ವರ್ಷದಿಂದ ಯಾವ ವರ್ಷಕ್ಕೆ ಅಂತ ಕೇಳಿ. 1993ರ ಸುಮಾರಿಗೆ ಅಮೆರಿಕದ ಬಂದೂಕು ಕೊಲೆ ಪ್ರಮಾಣ ಶಿಖರದಲ್ಲಿತ್ತು, ಅಲ್ಲಿಂದ ಶುರು ಮಾಡಿದರೆ ಯಾವ ಕಾನೂನೂ ಪವಾಡದಂತೆ ಕಾಣುತ್ತದೆ. ಆಸ್ಟ್ರೇಲಿಯಾದ ಉದಾಹರಣೆಯನ್ನೂ ಇದೇ ಕಣ್ಣಿನಿಂದ ನೋಡಿ. ಪೋರ್ಟ್ ಆರ್ಥರ್‌ನಲ್ಲಿ ಗುಂಡಿನ ದಾಳಿಗೆ 35 ಮಂದಿ ಸತ್ತ 1996ರ ನಂತರ ಅಲ್ಲಿನ ಸರ್ಕಾರ ಜನರಿಂದ ಸುಮಾರು 6.5 ಲಕ್ಷ ಬಂದೂಕು ವಾಪಸು ಕೊಂಡಿತು. ಬಂದೂಕು ಸಾವು ಇಳಿದದ್ದು ಹೌದು, ಆದರೆ ಅದಕ್ಕೂ ಮೊದಲೇ ಇಳಿಯುತ್ತಿತ್ತು. ಕಾನೂನಿನ ಪಾಲು ಎಷ್ಟು ಅನ್ನುವುದರಲ್ಲೇ ಸಂಶೋಧಕರಲ್ಲಿ ಒಮ್ಮತವಿಲ್ಲ.

ಪುರಾವೆ ಸದ್ದಿಲ್ಲದೆ ಕೆಲಸ ಮಾಡಿದ ಒಂದು ಕಡೆ ಹೇಳಿ ನಿಲ್ಲಿಸುತ್ತೇನೆ. 2009ರಲ್ಲಿ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಒಂದೇ ವಾರದೊಳಗೆ, ಪರಸ್ಪರ ಪರಿಚಯವಿಲ್ಲದ ಮೂವರು ಒಂದೇ ಅಂಗಡಿಯಿಂದ ಬಂದೂಕು ಕೊಂಡು ಕೆಲವೇ ಗಂಟೆಗಳಲ್ಲಿ ಪ್ರಾಣ ಕಳೆದುಕೊಂಡರು. ಅಲ್ಲಿನ ಬಂದೂಕು ವ್ಯಾಪಾರಿಗಳು ಮತ್ತು ಸಾರ್ವಜನಿಕ ಆರೋಗ್ಯದವರು ಒಟ್ಟಿಗೆ ಕೂತರು. ನಿಷೇಧದ ಮಾತಿಲ್ಲ, ಹಕ್ಕಿನ ಮಾತಿಲ್ಲ. ಕೊಳ್ಳಲು ಬಂದವರು ಸಂಕಟದಲ್ಲಿದ್ದಾರೆಂದು ಹೇಗೆ ಗುರುತಿಸುವುದು, ಮಾರಲ್ಲ ಅಂತ ಹೇಗೆ ಹೇಳುವುದು ಅಂತ ವ್ಯಾಪಾರಿಗಳಿಗೆ ಒಂದು ಹಾಳೆ. ಗಿರಾಕಿಗಳಿಗೆ ಗೋಡೆಯ ಮೇಲೆ ಒಂದು ಪೋಸ್ಟರು. ಮನೆಯಲ್ಲಿ ಯಾರಾದರೂ ಕುಗ್ಗಿದ್ದರೆ ಸ್ವಲ್ಪ ದಿನ ಬಂದೂಕನ್ನು ಗೆಳೆಯನ ಮನೆಯಲ್ಲಿಡಿ ಅನ್ನುವ ಸಲಹೆ. ಆ ರಾಜ್ಯದ ಹೆಚ್ಚುಕಡಿಮೆ ಅರ್ಧದಷ್ಟು ಬಂದೂಕಂಗಡಿಗಳು ಅದನ್ನು ತೂಗುಹಾಕಿದವು, ಬೇರೆ ರಾಜ್ಯಗಳೂ ನಕಲು ಮಾಡಿಕೊಂಡವು.