ಪ್ಯಾಡ್ ದಪ್ಪಗಿದ್ದರೆ ಸಾಕೇ?

ಪ್ರಶ್ನೆ: ಕುಶಾಲನಗರದಿಂದ ಮಡಿಕೇರಿ, ಭಾಗಮಂಡಲ ದಾಟಿ ತಲಕಾವೇರಿವರೆಗೆ ಸೈಕಲ್ ತುಳಿಯುತ್ತೇನೆ. ಎರಡು ಗಂಟೆ ಕಳೆಯುವಷ್ಟರಲ್ಲಿ ತೊಡೆಸಂದಿ ಉರಿಯುತ್ತದೆ. ಇನ್ನೂ ದಪ್ಪ ಪ್ಯಾಡಿನ ಶಾರ್ಟ್ಸ್ ಕೊಳ್ಳಲೇ?

ಉತ್ತರ: ಬೇಡ. ಶಾರ್ಟ್ಸ್ ಒಳಗೆ ಚಡ್ಡಿ ಹಾಕುತ್ತಿದ್ದರೆ ಮೊದಲು ಅದನ್ನು ಬಿಡಿ. ಅದರ ಹೊಲಿಗೆ ಚರ್ಮವನ್ನು ಉಜ್ಜುತ್ತದೆ, ಹತ್ತಿ ಬಟ್ಟೆ ಬೆವರನ್ನು ಹಿಡಿದಿಟ್ಟುಕೊಳ್ಳುತ್ತದೆ.

ಮೆತ್ತನೆಯ ದಪ್ಪ ಫೋಮ್ ಅಂಗಡಿಯಲ್ಲಿ ಹಿತವೆನಿಸಿದರೂ ದಾರಿಯಲ್ಲಿ ಚಪ್ಪಟೆಯಾಗಿ, ಮಡಿಕೆ ಬಿದ್ದು ಕಾಟ ಕೊಡುತ್ತದೆ. ಬೆರಳಿನಿಂದ ಒತ್ತಿ ನೋಡಿ: ಕೂತಾಗ ಸೀಟಿನ ಮೇಲೆ ಭಾರ ಬಿಡುವ ಎರಡು ಮೂಳೆಗಳ ಕೆಳಗೆ ಪ್ಯಾಡ್ ಗಟ್ಟಿಯಾಗಿರಬೇಕು, ಒತ್ತಿದ್ದು ತಕ್ಷಣ ಮೇಲೇಳಬೇಕು. ನೇರ ನಿಂತಾಗ ಬಿಗಿ ಎನಿಸಿ, ಹ್ಯಾಂಡಲ್ ಹಿಡಿದಂತೆ ಬಗ್ಗಿದಾಗ ಸರಿಹೋದರೆ ಅದೇ ನಿಮ್ಮ ಅಳತೆ. ಸಡಿಲವಿದ್ದರೆ ಪ್ಯಾಡ್ ಜರುಗುತ್ತದೆ. ಮಡಿಕೇರಿಯ ಏರಿನಲ್ಲಿ ಬಗ್ಗಿ ತುಳಿಯುವಾಗ ಸೊಂಟದ ಎಲಾಸ್ಟಿಕ್ ಹೊಟ್ಟೆ ಒತ್ತುತ್ತದೆ. ಹಾಗಾಗಿ ಹೆಗಲಪಟ್ಟಿಯ ಬಿಬ್ ಶಾರ್ಟ್ಸ್‌ಗೇ ನಮ್ಮ ಮತ.

ಕೊಡಗಿನ ಮಳೆಗಾಲದಲ್ಲಿ ಪ್ಯಾಡ್ ಬೇಗ ಒಣಗುವುದಿಲ್ಲ, ಎರಡು ಶಾರ್ಟ್ಸ್ ಇರಲಿ. ಒಳಮಗ್ಗುಲು ಹೊರಗೆ ಮಾಡಿ ಒಣಗಿಸಿ. ಹಸಿಯಾಗಿಯೇ ಹಾಕಿಕೊಂಡರೆ ಗುಳ್ಳೆ ಏಳುತ್ತವೆ.

ಆಮೇಲೂ ಉರಿ ನಿಲ್ಲದಿದ್ದರೆ ಸೀಟು ನೋಡಿ. ಅದು ಎತ್ತರವಾದಾಗ ಸೊಂಟ ಅತ್ತಿತ್ತ ಓಲಾಡಿ ಚರ್ಮ ಉಜ್ಜುತ್ತದೆ, 5 ಮಿ.ಮೀ. ಇಳಿಸಿ ತುಳಿದು ನೋಡಿ.